ಉತ್ತರದ ಗೋಡೆಯ ಟೇಪು

ನನ್ನ ಕೆಲಸ ಮನೆಗಳ ತೂತು ಹುಡುಕುವುದು. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಚಳಿಗಾಲದಲ್ಲಿ ಬಿಸಿ ಸೋರದ, ಬೇಸಿಗೆಯಲ್ಲಿ ಧಗೆ ನುಗ್ಗದ, ಕರೆಂಟು ಉಳಿಸುವ ಮನೆ ಬೇಕೆಂದು ಕಟ್ಟಿಸುವವರು ಕೊನೆಗೆ ನನ್ನನ್ನು ಕರೆಯುತ್ತಾರೆ. ಮುಂಬಾಗಿಲಿಗೆ ದೊಡ್ಡ ಫ್ಯಾನೊಂದನ್ನು ಕೂರಿಸಿ ಮನೆಯೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತೇನೆ. ಆಗ ಕಿಟಕಿಯ ಅಂಚು, ಸ್ವಿಚ್ಚಿನ ಡಬ್ಬಿ, ಗೋಡೆ ಚಾವಣಿಗೆ ಸೇರುವ ಮೂಲೆ, ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿಂದೆಲ್ಲ ಹೊರಗಿನ ಗಾಳಿ ಸುಯ್ಯೆಂದು ಒಳಗೆ ಬರುತ್ತದೆ. ಹೊಗೆಕಡ್ಡಿ ಹಿಡಿದು ಜಾಗ ಪತ್ತೆ ಮಾಡಿ, ಮೇಸ್ತ್ರಿಗೆ ತೋರಿಸಿ, ಬೈದು, ಮುಚ್ಚಿಸುತ್ತೇನೆ. ಬೈಯುವುದು ಕೆಲಸದಲ್ಲಿ ಸೇರಿಲ್ಲ, ಅದು ನನ್ನ ಸ್ವಂತದ್ದು.

ಹೀಗೆ ಡಬ್ಬಿಯಂತೆ ಬಿಗಿ ಮಾಡಿದ ಮನೆ ಉಸಿರಾಡುವುದು ಹೇಗೆ? ಅದಕ್ಕೊಂದು ಗಾಳಿ ಮಷಿನ್ ಇರುತ್ತದೆ. ಹೊರಗೋಡೆಯಲ್ಲಿರುವ ಒಂದು ಬಾಯಿಂದ ಹೊಸ ಗಾಳಿ ಎಳೆದು, ಸೋಸಿ, ಕೋಣೆಗಳಿಗೆ ಹಂಚುತ್ತದೆ. ಅಡುಗೆಮನೆ, ಬಚ್ಚಲುಗಳ ಹಳೇ ಗಾಳಿಯನ್ನು ಇನ್ನೊಂದು ಬಾಯಿಂದ ಆಚೆ ಹಾಕುತ್ತದೆ. ಪರೀಕ್ಷೆಯ ಹೊತ್ತಿಗೆ ಈ ಎರಡೂ ಬಾಯಿಗಳಿಗೆ ನಾನು ಟೇಪು ಅಂಟಿಸಬೇಕು, ಇಲ್ಲದಿದ್ದರೆ ಅವೂ ಸಂದುಗಳ ಲೆಕ್ಕಕ್ಕೆ ಸೇರಿಬಿಡುತ್ತವೆ. ಪರೀಕ್ಷೆ ಮುಗಿದ ಕೂಡಲೇ ಟೇಪು ಕೀಳಬೇಕು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಒಂದು ವರ್ಷದಿಂದ ನಾನು ಯಾವ ಮನೆಯ ಪರೀಕ್ಷೆ ಮುಗಿಸಿದರೂ ಕತ್ತೆತ್ತಿಕೊಂಡು ಅದರ ಸುತ್ತ ಮೂರು ಸಲ ಸುತ್ತುತ್ತೇನೆ. ಕಟ್ಟಡ ಕೆಲಸದವರು ನನಗೆ ಗಾಣದೆತ್ತು ಎಂದು ಹೆಸರಿಟ್ಟಿದ್ದಾರೆ. ಕಾರು ಹತ್ತಿದ ಮೇಲೂ ಇಳಿದು ಹೋಗಿ ನಾಲ್ಕನೇ ಸಲ ನೋಡಿ ಬಂದಿದ್ದುಂಟು. ಯಾಕೆ ಎಂದು ಯಾರಿಗೂ ಬಾಯಿ ಬಿಟ್ಟಿಲ್ಲ. ನನ್ನ ಅಣ್ಣನ ಮನೆಯ ಉತ್ತರದ ಗೋಡೆಯ ಟೇಪನ್ನು ಕಿತ್ತೆನೋ ಇಲ್ಲವೋ, ನನಗೆ ನೆನಪಿಲ್ಲ.

ಅಣ್ಣ ಗಾಳಿಯ ನಕ್ಷೆ ಮಾಡುವವನಾಗಿದ್ದ. ಯಾವ ಕೋಣೆಗೆ ಎಷ್ಟು ಗಾಳಿ ಬೇಕು, ಪೈಪು ಎಲ್ಲಿ ಹೋಗಬೇಕು, ಬಾಯಿ ಯಾವ ಗೋಡೆಗೆ ಬರಬೇಕು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದ. ನನಗೆ ಈ ಕೆಲಸ ಕಲಿಸಿದವನೂ ಅವನೇ. ಹುಡುಗನಾಗಿದ್ದಾಗ ಅಪ್ಪನ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಹತ್ತು ವರ್ಷ ದುಡಿದಿದ್ದ. ಆ ಧೂಳು ಶ್ವಾಸಕೋಶದಲ್ಲಿ ಕೂತಿದ್ದು ಐವತ್ತು ದಾಟಿದ ಮೇಲೆ ಗೊತ್ತಾಯಿತು. ಅಣ್ಣ ಎದೆ ಬಡಿದುಕೊಳ್ಳುತ್ತಾ ಕೂರಲಿಲ್ಲ. ಅಪ್ಪನ ಜಾಗದಲ್ಲೇ, ಅದೇ ಕಲ್ಲಿನ ಶೆಡ್ಡುಗಳ ಬೀದಿಯಲ್ಲೇ, ತನ್ನ ಎದೆಗೆ ತಕ್ಕ ಮನೆಯೊಂದನ್ನು ಬರೆದ. ಒಂದು ಕಣ ಧೂಳು ಒಳಗೆ ಬರಬಾರದು, ಸೋಸಿದ ಗಾಳಿ ಹಗಲೂ ರಾತ್ರಿ ಬರುತ್ತಿರಬೇಕು. ಡಾಕ್ಟರು ಹೆಚ್ಚೆಂದರೆ ಎರಡು ವರ್ಷ ಎಂದಿದ್ದರು. ಅಣ್ಣ ನಾಲ್ಕು ವರ್ಷ ಬದುಕುತ್ತೇನೆಂದು ಪಂಥ ಕಟ್ಟಿದ.

ಆ ಮನೆಯಲ್ಲಿ ಅವನು ಬದುಕಿದ್ದು ಹನ್ನೊಂದೇ ದಿನ.

ಪರೀಕ್ಷೆಯ ದಿನ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ದಕ್ಷಿಣದ ಗೋಡೆಯ ಟೇಪನ್ನು ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಿದ್ದು ನೆನಪಿದೆ. ಹೊಸ ಗಾಳಿ ಎಳೆಯುವ ಬಾಯಿ ಇದ್ದ ಉತ್ತರದ ಕಡೆಗೆ ಏಣಿ ಎಳೆದುಕೊಂಡು ಹೋಗಿದ್ದು ನೆನಪಿದೆ. ಅಷ್ಟರಲ್ಲಿ ಅಣ್ಣ ಒಳಗಿನಿಂದ ಕೂಗಿದ, "ಬಾರೇ ಬಾಯ್ಬಡ್ಕಿ, ನೋಡ್ಬಾ ಇಲ್ಲಿ!" ಸೋರಿಕೆಯ ಲೆಕ್ಕ ಹಾಕಿ ಮುಗಿಸಿದ್ದ. ನಾನು ಅಷ್ಟು ವರ್ಷದಲ್ಲಿ ಪರೀಕ್ಷೆ ಮಾಡಿದ ಯಾವ ಮನೆಯೂ ಅಷ್ಟು ಬಿಗಿ ಬಂದಿರಲಿಲ್ಲ. ಅಣ್ಣ ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕೈ ಮೇಲೆತ್ತಿ ಕುಣಿದ, ಕೆಮ್ಮಿದ, ಮತ್ತೆ ಕುಣಿದ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಲ್ಲಿಂದ ಮುಂದೆ ಟೀ ಕುಡಿದಿದ್ದು, ಫ್ಯಾನು ಬಿಚ್ಚಿ ಕಾರಿಗೆ ಹಾಕಿದ್ದು ನೆನಪಿದೆ. ಏಣಿ ಹತ್ತಿದ್ದು ಮಾತ್ರ ನೆನಪಿಲ್ಲ.

ಅವರು ಆ ಮನೆಗೆ ವಾಸಕ್ಕೆ ಬಂದ ಎರಡನೇ ದಿನ ಅಣ್ಣ ಫೋನು ಮಾಡಿದ್ದ. "ಟೇಪು ಎಲ್ಲಾ ಕಿತ್ಯೇನೇ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಬೇರೊಂದು ಮನೆಯಲ್ಲಿ ಮೇಸ್ತ್ರಿಯ ಜೊತೆ ಜಗಳ ಬೇರೆ ನಡೆದಿತ್ತು. "ಹದಿನಾರು ವರ್ಷ ಆಯ್ತು ಈ ಕೆಲಸ ಮಾಡ್ತಾ. ಈಗ ನನಗೆ ಟೇಪು ಕೀಳೋದು ಹೇಳಿಕೊಡ್ತೀಯಾ? ಎಲ್ಲಾ ಕಿತ್ತಿದೀನಿ, ಸುಮ್ನೆ ಮಲಕ್ಕೋ" ಎಂದೆ.

"ಸರಿ ಬಿಡವ್ವಾ, ಉರಿದು ಬೀಳ್ಬೇಡ" ಎಂದು ನಕ್ಕು ಫೋನು ಇಟ್ಟ. ನಾನು ಆ ಮಾತನ್ನು ಅಲ್ಲಿಗೇ ಮರೆತೆ. ಅವನು ಹೋದ ಸುದ್ದಿ ಬಂದ ಬೆಳಿಗ್ಗೆ, ಚಪ್ಪಲಿ ಹಾಕಿಕೊಳ್ಳುವಾಗ, ತಟ್ಟನೆ ನೆನಪಾಯಿತು. ಆ ದಿನ ಮನೆ ತುಂಬ ಜನ. ನಾನು ಉತ್ತರದ ಗೋಡೆಯ ಕಡೆಗೆ ತಲೆ ಹಾಕಲೇ ಇಲ್ಲ. ನೋಡಬಹುದಿತ್ತು. ನೋಡುವ ಧೈರ್ಯ ಇರಲಿಲ್ಲ.

ಆಮೇಲೆ ಅತ್ತಿಗೆಯೂ ಯಾರನ್ನೂ ಮನೆಗೆ ಸೇರಿಸಲಿಲ್ಲ. ಫೋನು ಮಾಡಿದರೆ ಎರಡು ಮಾತು, ಅಷ್ಟೇ. ನನಗೂ ಅದೇ ಬೇಕಿತ್ತು ಎನ್ನಬೇಕು, ನಾಚಿಕೆಗೇಡು. ವರ್ಷ ತುಂಬಿ ಒಂದು ವಾರವಾಗಿರಬೇಕು, ಅವರೇ ಫೋನು ಮಾಡಿದರು.

"ನಿಮ್ಮಣ್ಣನಿಗೆ ಉಸಿರಾಡಕ್ಕೆ ಆಗ್ತಿಲ್ಲ ಕಣೇ. ನೋಡಕ್ಕಾಗ್ತಿಲ್ಲ ನನ್ನ ಕೈಲಿ. ಒಂದ್ಸಲ ಬಂದು ನೋಡ್ತೀಯಾ?"

"ಅತ್ತಿಗೆ, ಏನ್ ಹೇಳ್ತಿದೀರಾ?"

"ಮೊದಲೆಲ್ಲ ಮೆಲ್ಲಗೆ ಕೆಮ್ಮೋರು. ಮೂರು ದಿನದಿಂದ ಜೋರಾಗಿದೆ. ಆವಾಗಿನ ಹಾಗೇ ಆಗಿದೆ. ಬಾ."

ಒಬ್ಬರೇ ಇದ್ದೂ ಇದ್ದೂ ತಲೆ ಕೆಟ್ಟಿದೆ ಎಂದುಕೊಂಡೆ. ಹಾಗೆಂದುಕೊಂಡರೂ ಉಪಕರಣದ ಪೆಟ್ಟಿಗೆಯನ್ನು ಕಾರಿಗೆ ಹಾಕಿದೆ.

ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಬೀದಿಯಲ್ಲಿ ಕಲ್ಲು ಕೊಯ್ಯುವ ಗರಗಸಗಳು ಕಿರ್ರೆನ್ನುತ್ತಿದ್ದವು, ಗಿಡದ ಎಲೆಗಳಿಗೂ ಬೂದಿ ಬಣ್ಣ ಬಂದಿತ್ತು. ಬಾಗಿಲು ತೆರೆದ ಅತ್ತಿಗೆಯನ್ನು ನೋಡಿ ಗಾಬರಿಯಾಯಿತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ನಿಂತಿದ್ದರು.

"ಬೇಗ ಒಳಗೆ ಬಾ, ಬಾಗಿಲು ಹಾಕ್ಬೇಕು" ಎಂದರು.

ನಾನು ಕಾಲಿಟ್ಟೆ. ಬಾಗಿಲು ಹಿಂದೆ ಮುಚ್ಚಿದ ಕೂಡಲೇ ಬೀದಿಯ ಸದ್ದೆಲ್ಲ ನಿಂತುಹೋಯಿತು. ಮತ್ತೆ, ದೇವರಾಣೆ, ಅಣ್ಣ ಅಲ್ಲಿದ್ದ. ಅವನ ಎದೆಗೆ ಹಚ್ಚುತ್ತಿದ್ದ ಮುಲಾಮು, ಪೆನ್ಸಿಲಿನ ಮರ, ಬೆವರಿದ ಸ್ವೆಟರ್, ಎಲ್ಲವೂ ಸೇರಿದ ಅವನ ವಾಸನೆ ನಡುಮನೆಯಲ್ಲಿ ತುಂಬಿಕೊಂಡಿತ್ತು. ಅವನು ಪಕ್ಕದ ಕೋಣೆಯಿಂದ ಈಗ ಎದ್ದು ಬರುತ್ತಾನೆ ಅನ್ನಿಸಿ ನಾನು ಆ ಬಾಗಿಲನ್ನೇ ನೋಡುತ್ತಾ ನಿಂತುಬಿಟ್ಟೆ. ಕಿಟಕಿಯ ಗಾಜುಗಳ ಒಳಮೈಯಲ್ಲಿ ಹನಿ ಇಳಿಯುತ್ತಿತ್ತು. ಈ ಮನೆಯಲ್ಲಿ ಗಾಜಿನ ಮೇಲೆ ಹನಿ ಕೂರಬಾರದು. ಅಣ್ಣ ಹಾಗೆ ಬರೆದ ಮನೆಯಲ್ಲ ಇದು.

"ಕೂತ್ಕೋ. ಮಾತಾಡ್ಬೇಡ. ಕೇಳು" ಎಂದರು ಅತ್ತಿಗೆ.

ಕೂತೆ. ಚಾವಣಿಯಲ್ಲಿ ತಟ್ಟೆಯಷ್ಟಗಲದ ದುಂಡನೆಯ ಗಾಳಿಕಂಡಿ ಇತ್ತು. ಅದರೊಳಗಿನಿಂದ, ಬಹಳ ಆಳದಿಂದ, ಬಂತು. ಖ್ಖು. ಆಮೇಲೆ ಒಂದು ಎಳೆತ, ಎಳೆದ ಉಸಿರು ಸಿಕ್ಕಿಹಾಕಿಕೊಂಡಂತೆ. ಮತ್ತೆ ಖ್ಖು, ಖ್ಖು. ಆಸ್ಪತ್ರೆಯಲ್ಲಿ ಅವನ ಪಕ್ಕ ಎಷ್ಟೋ ಸಲ ಕೂತಿದ್ದವಳು ನಾನು, ಆ ಕೆಮ್ಮು ನನಗೆ ಗೊತ್ತಿಲ್ಲವೇ?

"ಕೇಳಿಸ್ತಲ್ಲ?" ಎಂದರು. ತಲೆ ಆಡಿಸಿದೆ.

ಅತ್ತಿಗೆ ನನ್ನನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋದರು. ಮಂಚದ ಪಕ್ಕ ಅಣ್ಣನೇ ಇಟ್ಟಿದ್ದ ಪುಟ್ಟ ಮೀಟರು ಇನ್ನೂ ಇತ್ತು. ಜನ ಉಸಿರು ಬಿಟ್ಟಾಗ ಕೋಣೆಯ ಗಾಳಿ ಎಷ್ಟು ಹಳತಾಗುತ್ತದೆ ಎಂದು ಅದು ಗಂಟೆಗೊಮ್ಮೆ ಬರೆದಿಡುತ್ತದೆ. ಗುಂಡಿ ಒತ್ತಿ ಹಿಂದಿನ ದಿನಗಳ ಅಂಕಿಗಳನ್ನು ನೋಡಿದೆ. ನಾನು ಇಂಥ ಸಾವಿರ ಪಟ್ಟಿ ಓದಿದ್ದೇನೆ. ಒಬ್ಬರು ಮಲಗಿದರೆ ಎಷ್ಟು ಏರುತ್ತದೆ, ಇಬ್ಬರು ಮಲಗಿದರೆ ಎಷ್ಟು, ಬಾಯಿಪಾಠ. ಪ್ರತಿ ಬೆಳಿಗ್ಗೆಯ ಅಂಕಿಯೂ ಇಬ್ಬರದ್ದಾಗಿತ್ತು.

"ಇಬ್ಬರಿದ್ರೆ ಇಷ್ಟು ಬರುತ್ತೆ ಅಂತ ನಿಮ್ಮಣ್ಣನೇ ನನಗೆ ತೋರಿಸಿಕೊಟ್ಟಿದ್ರು. ನಾನೊಬ್ಬಳೇ ಮಲಗೋದು, ನೋಡು" ಎಂದರು ಅತ್ತಿಗೆ. ಅವರ ದನಿಯಲ್ಲಿ ಭಯ ಇರಲಿಲ್ಲ. ಮಗುವಿನ ಪರೀಕ್ಷೆಯ ಅಂಕ ತೋರಿಸುವ ತಾಯಿಯ ದನಿ ಅದು.

ನನ್ನ ತಲೆಯೊಳಗೆ ಇನ್ನೊಂದು ಲೆಕ್ಕ ಓಡುತ್ತಿತ್ತು. ಒಬ್ಬಳೇ ಹೆಂಗಸು ಮಲಗಿಯೂ ಇಷ್ಟು ಏರಬೇಕಾದರೆ ಕೋಣೆಗೆ ಹೊಸ ಗಾಳಿ ಬರುತ್ತಿಲ್ಲ. ಮಷಿನ್ ಎಳೆಯುತ್ತಿದೆ, ಗಾಳಿ ಸಿಗುತ್ತಿಲ್ಲ. ಬಾಯಿ ಕಟ್ಟಿದೆ. ಮಷಿನ್ ಎಳೆದಾಗಲೆಲ್ಲ ಆ ಬಾಯಿಗೆ ಅಂಟಿದ್ದೇನೋ ಒಳಕ್ಕೆ ಹೀರಿಕೊಂಡು ಪಟಪಟ ಎನ್ನುತ್ತಿದೆ, ಆ ಸದ್ದು ಪೈಪಿನಲ್ಲಿ ಹಾದು ಬಂದು ಕೆಮ್ಮಾಗುತ್ತಿದೆ. ಮೂರು ದಿನದಿಂದ ಜೋರಾಗಿದೆ ಎಂದರೆ ಅದರ ಒಂದು ಅಂಚು ಬಿಟ್ಟುಕೊಂಡಿದೆ. ಎಲ್ಲ ಅರ್ಥವಾಯಿತು.

"ಹೊರಗೆ ಹೋಗಿ ಬರ್ತೀನಿ" ಎಂದೆ.

"ಉತ್ತರದ ಕಡೆಗಾ?" ಎಂದು ಅತ್ತಿಗೆ ಕೇಳಿದರು. ಅವರಿಗೆ ಹೇಗೆ ಗೊತ್ತು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಮನೆಯ ಹಿಂದೆ ಹೋಗಿ ನಿಂತು ಕತ್ತೆತ್ತಿದೆ. ಎರಡಾಳೆತ್ತರದಲ್ಲಿ ಆ ದುಂಡು ಬಾಯಿ. ಅದರ ಮೇಲೆ ಅಡ್ಡಡ್ಡ, ಉದ್ದುದ್ದ ಟೇಪು. ಕಲ್ಲಿನ ಧೂಳು ಕೂತು ಯಾವ ಬಣ್ಣವೆಂದೂ ಗೊತ್ತಾಗದಂತಿತ್ತು. ಒಂದು ಅಂಚು ಬಿಟ್ಟುಕೊಂಡು ಒಳಕ್ಕೆ ಹೀರಿ, ಬಡಿದು, ಮತ್ತೆ ಹೀರುತ್ತಿತ್ತು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂದು ವರ್ಷ ನಾನು ಅರ್ಧ ಆಸೆಯಲ್ಲಿ ಬದುಕಿದ್ದೆ. ಕಿತ್ತಿರಬಹುದು, ನೆನಪಿಲ್ಲ ಅಷ್ಟೇ, ಎಂದು. ಈಗ ಕಣ್ಣೆದುರಿಗೇ ಇತ್ತು. ನಾನು ಅಣ್ಣನನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ ಹೋಗಿದ್ದೆ. ಹನ್ನೊಂದು ದಿನ ಅವನು ತನ್ನದೇ ಹಳೇ ಉಸಿರನ್ನು ಉಸಿರಾಡಿದ್ದ.

ಒಳಗೆ ಬಂದೆ. ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ನಿಂತುಕೊಂಡೇ ಹೇಳಿದೆ. "ಅತ್ತಿಗೆ, ನಾನೇ ಸಾಯಿಸಿದೆ ಅವನನ್ನ. ಟೇಪು ಕೀಳೋದು ಮರೆತೆ. ಕೇಳಿದಾಗ ಕಿತ್ತಿದೀನಿ ಅಂತ ಅಂದೆ. ನೋಡದೇ ಅಂದೆ. ಇನ್ನೂ ಅಲ್ಲೇ ಇದೆ ಅದು."

"ಅದು ನಿನ್ನ ಟೇಪಲ್ಲ. ಈಗ ಇರೋದು ನಾನು ಹಾಕಿದ್ದು" ಎಂದರು.

ಆ ಒಂದು ಕ್ಷಣ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಮೈಮೇಲಿದ್ದ ಬಂಡೆ ಉರುಳಿ ಹೋದಂತಾಯಿತು. ನಾನಲ್ಲ, ನಾನು ಕಿತ್ತಿದ್ದೆ, ನೆನಪಿಲ್ಲ ಅಷ್ಟೇ! ನಕ್ಕೇ ಬಿಡುತ್ತಿದ್ದೆನೇನೋ.

"ನಿನ್ನದನ್ನ ನಾಲ್ಕನೇ ದಿನ ನಾನೇ ಏಣಿ ಹತ್ತಿ ಕಿತ್ತೆ" ಎಂದರು ಅತ್ತಿಗೆ.

ನಾನು ಕುರ್ಚಿ ಹಿಡಿದುಕೊಂಡೆ.

"ಎರಡನೇ ದಿನವೇ ಅವರಿಗೆ ಅನುಮಾನ ಬಂತು. ಹಾಸಿಗೆ ಮೇಲಿನ ಕಂಡಿಗೆ ಕಾಗದದ ಚೂರು ಹಿಡಿಯಕ್ಕೆ ಹೇಳಿದ್ರು. ಹಿಡಿದೆ. ಅಲ್ಲಾಡ್ಲಿಲ್ಲ. ಆಮೇಲೇ ನಿನಗೆ ಫೋನು ಮಾಡಿದ್ದು. ನೀನು ಕಿತ್ತಿದೀನಿ ಅಂದೆ. ಫೋನಿಟ್ಟು ಏನಂದ್ರು ಗೊತ್ತಾ? ಅವಳು ಕಿತ್ತಿದೀನಿ ಅಂದ್ಮೇಲೆ ಕಿತ್ತಿದಾಳೆ, ತಪ್ಪು ನನ್ನ ನಕ್ಷೆಯಲ್ಲೇ ಇದೆ ಅಂತ. ಎರಡು ದಿನ ನಕ್ಷೆ ಹರಡಿಕೊಂಡು ಕೂತ್ರು. ಪೈಪಿನ ಲೆಕ್ಕ ತಿರುಗಾ ಮುರುಗಾ ಹಾಕಿದ್ರು. ಫಿಲ್ಟರ್ ಬಿಚ್ಚಿಸಿದ್ರು, ಮಷಿನ್ ಬಿಚ್ಚಿಸಿದ್ರು. ಕಿಟಕಿ ತೆಗೀತೀನಿ ಅಂದ್ರೆ, ಧೂಳು ಬರುತ್ತೆ, ಬೇಡ ಅಂತ ಬೈದ್ರು. ಮಾತಾಡಕ್ಕೇ ಉಸಿರಿಲ್ಲ, ಬೈಯೋದು ನೋಡು. ನಾಲ್ಕನೇ ದಿನ ನನಗೇ ತಡೀಲಿಲ್ಲ. ಹೊರಗೆ ಹೋಗಿ ಮೇಲೆ ನೋಡಿದೆ."

ಅಣ್ಣ ಪೆನ್ಸಿಲ್ ಹಿಡಿದು, ತಾನು ಸರಿಯಾಗಿಯೇ ಬರೆದಿದ್ದ ನಕ್ಷೆಯಲ್ಲಿ ತಪ್ಪು ಹುಡುಕುತ್ತಾ ಕೂತಿದ್ದು ನನ್ನ ಕಣ್ಣ ಮುಂದೆ ಬಂತು. ನನ್ನ ಮಾತು ಅವನಿಗೆ ಅಷ್ಟು ಗಟ್ಟಿಯಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು. ಅರ್ಧ ಗಂಟೆಯ ದಾರಿ.

"ಯಾಕೆ ನನಗೆ ಹೇಳ್ಲಿಲ್ಲ?"

"ಅವರು ಆಣೆ ಹಾಕಿಸಿಕೊಂಡ್ರು. ಅವಳಿಗೆ ಗೊತ್ತಾದ್ರೆ ಆ ಕೆಲಸ ಬಿಟ್ಟೇ ಬಿಡ್ತಾಳೆ, ಹೇಳ್ಬೇಡ ಅಂತ. ಅವರು ಹೋದ್ಮೇಲೆ ಆಣೆಗೋಸ್ಕರ ಸುಮ್ಮನಿದ್ದೆ ಅಂತ ನಾನು ಹೇಳಲ್ಲ. ನಿನ್ನ ಮೇಲೆ ಕೋಪ ಇತ್ತು ನನಗೆ. ಹೇಳಿದ್ರೆ ನೀನು ಅಳ್ತೀಯ, ನಾನು ಸಮಾಧಾನ ಮಾಡ್ಬೇಕು. ಅದು ನನ್ನ ಕೈಲಿ ಆಗ್ತಿರಲಿಲ್ಲ."

"ಮತ್ತೆ ಟೇಪು ಹಾಕಿದ್ದು?"

ಅತ್ತಿಗೆ ತಲೆ ತಗ್ಗಿಸಿದರು. "ಪ್ರತಿ ಮೂರು ಗಂಟೆಗೊಂದ್ಸಲ ಮನೆಯ ಗಾಳಿಯೆಲ್ಲ ಹೊಸದಾಗುತ್ತೆ ಅಂತ ಅವರೇ ಹೆಮ್ಮೆಯಿಂದ ಹೇಳೋರು. ಎಲ್ಲರೂ ಹೊರಟು ಹೋದ್ಮೇಲೆ ಇಲ್ಲಿ ಕೂತಿದ್ದೆ. ಮಷಿನ್ ಗುಯ್ ಅಂತಿತ್ತು. ಅವರನ್ನ ಚೂರು ಚೂರೇ ಆಚೆಗೆ ಹಾಕ್ತಿದೆ ಅನ್ನಿಸ್ತು. ಪಾರ್ಸಲ್ ಕಟ್ಟೋ ಟೇಪಿತ್ತು. ಹೋಗಿ ಹತ್ತಿದೆ."

ಅಣ್ಣ ಉಸಿರಾಡಿದ ಗಾಳಿ ವರ್ಷದ ಹಿಂದೆಯೇ ಹೋಗಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಹೋಗಿರುತ್ತದೆ, ಈ ವಾಸನೆ ಬಟ್ಟೆಯದ್ದು, ಹಾಸಿಗೆಯದ್ದು, ತೇವಕ್ಕೆ ಎದ್ದದ್ದು. ಇದನ್ನೆಲ್ಲ ಹೇಳಬಹುದಿತ್ತು. ನನ್ನ ಶಾಸ್ತ್ರಕ್ಕೆ ಬೆಂಕಿ ಬೀಳಲಿ, ನಾನೂ ಮೂಗು ತುಂಬ ಅದನ್ನೇ ಎಳೆದುಕೊಳ್ಳುತ್ತಿದ್ದೆ.

ಆಗ ಮೇಲಿನಿಂದ ಮತ್ತೆ ಬಂತು. ಖ್ಖು. ಆ ಎಳೆತ. ಅತ್ತಿಗೆ ಕಿವಿ ಮುಚ್ಚಿಕೊಂಡರು. "ಅವರು ಇಲ್ಲೇ ಇರಲಿ ಅಂತಲೇ ಹಾಕ್ದೆ. ತಲೆನೋವು ಬರ್ತಿತ್ತು, ತಲೆ ಸುತ್ತೋದು, ಬರಲಿ ಅಂದೆ. ಆದ್ರೆ ಈ ಮೂರು ದಿನದಿಂದ ಅವರಿಗೆ ಕಷ್ಟ ಆಗ್ತಿದೆ. ಅದನ್ನ ಇನ್ನೊಂದ್ಸಲ ಕೇಳಕ್ಕಾಗಲ್ಲ ನನಗೆ. ಕಿತ್ತುಬಿಡು."

"ನೀವೇ..."

"ನನ್ನ ಕೈಲಿ ಆಗಲ್ಲ. ನೀನು ಕೀಳ್ಬೇಕು. ನೀನೇ ಕೀಳ್ಬೇಕಾಗಿದ್ದು ತಾನೇ?"

ಮುಖಕ್ಕೆ ಹೊಡೆದಂತಾಯಿತು. ಸರಿಯಾಗಿಯೇ ಹೊಡೆದರು. ಏಣಿ ಇಟ್ಟೆ, ಹತ್ತಿದೆ. ಟೇಪು ಬಿಸಿಲಿಗೆ ಬೆಂದು ಚೂರು ಚೂರಾಗಿ ಬರುತ್ತಿತ್ತು, ಉಗುರಿನಲ್ಲಿ ಕೆರೆದು ಕೆರೆದು ತೆಗೆದೆ. ಕೊನೆಯ ತುಂಡು ಬಂದಾಗ ಗಾಳಿ ಒಂದೇ ಸಲಕ್ಕೆ ಒಳಕ್ಕೆ ನುಗ್ಗಿತು, ನನ್ನ ಬೆರಳುಗಳನ್ನೂ ಎಳೆಯಿತು. ಆಮೇಲೆ ಸದ್ದಿಲ್ಲ.

ಒಳಗೆ ಬಂದು ಅತ್ತಿಗೆಯ ಪಕ್ಕ ಕೂತೆ. ಮೇಲಿನ ಕಂಡಿಯಿಂದ ತಣ್ಣನೆಯ, ಏನೂ ವಾಸನೆಯಿಲ್ಲದ ಗಾಳಿ ಇಳಿಯುತ್ತಿತ್ತು. ಕೆಮ್ಮು ನಿಂತಿತ್ತು. ಮಧ್ಯಾಹ್ನವಾಗುವ ಹೊತ್ತಿಗೆ ಕಿಟಕಿಯ ಹನಿಗಳು ಆರಿದ್ದವು. ಮುಲಾಮಿನ ವಾಸನೆ ಮೊದಲು ಹೋಯಿತು, ಆಮೇಲೆ ಪೆನ್ಸಿಲಿನದ್ದು. ಅತ್ತಿಗೆ ಒಂದೆರಡು ಸಲ ಮೂಗೆತ್ತಿ ಹುಡುಕಿದರು. ನಾನೂ ಹುಡುಕಿದೆ. ಬೆಳಿಗ್ಗೆ ನನ್ನನ್ನು ನಡುಗಿಸಿದ್ದ ಆ ಮನೆ ಈಗ ಬರೀ ಮನೆಯಾಗಿತ್ತು, ನನಗೆ ಅಳು ಬಂತು. ಹೆದರಿಸಲಾದರೂ ಅವನು ಇರಬಾರದಿತ್ತೇ?

"ಹೋದ್ರು" ಎಂದರು ಅತ್ತಿಗೆ.

ಒಂದು ಮಾತು ಕೇಳದೆ ನನಗೆ ಆ ಮನೆಯಿಂದ ಏಳಲು ಸಾಧ್ಯವಿರಲಿಲ್ಲ. "ಅತ್ತಿಗೆ, ಟೇಪು ಕಿತ್ತ ಮೇಲೆ ಸರಿಯಾದನಾ?"

"ಏಳು ದಿನ ಚೆನ್ನಾಗಿ ಉಸಿರಾಡಿದ್ರು. ಕೊನೆಯ ದಿನ ಕೂಡ. ನಿದ್ದೆಯಲ್ಲೇ ಹೋಗಿದ್ದು."

"ಮೊದಲ ನಾಲ್ಕು ದಿನ? ತುಂಬಾ ಕಷ್ಟಪಟ್ಟನಾ?"

"ಪಟ್ರು" ಎಂದರು ಅತ್ತಿಗೆ. "ಬೆಳಿಗ್ಗೆ ಕೇಳಿದ್ಯಲ್ಲ, ಹಾಗೇ."

ಇಲ್ಲ ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ನಂಬಲು ತಯಾರಾಗಿಯೇ ಕೇಳಿದ್ದೆ. ನನ್ನ ಮುಖದಲ್ಲಿ ಅದು ಕಾಣಿಸಿರಬೇಕು.

"ಸುಳ್ಳು ಹೇಳಿ ಸಮಾಧಾನ ಮಾಡಲ್ಲ ಕಣೇ" ಎಂದರು. "ಈ ಮನೇಲಿ ಒಂದು ಸುಳ್ಳಿಗೆ ಆಗಿದ್ದು ಸಾಕು."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ.